ಸಂಜೆ ಏಳರ ಗುಂಯ್‌ಗುಡುವಿಕೆ: ನಮ್ಮ ಟರ್ನ್‌ಟೇಬಲಿನ ಫೋನೊ ಪ್ರೀಆಂಪ್ ಬದಲಿಸಿದ ದಿನಚರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅಡಿಕೆ ತೋಟದ ನಡುವೆ ಇರುವ ನಮ್ಮ ಮನೆಯ ಚಾವಡಿಯಲ್ಲಿ ಒಂದು ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ಒಂದು ಹಳೆಯ ಸ್ಟೀರಿಯೊ ಆಂಪ್ಲಿಫಯರ್ ಮತ್ತು ಎರಡು ಸಣ್ಣ ಸ್ಪೀಕರುಗಳಿವೆ. ಅಪ್ಪ ಕೂಡಿಟ್ಟಿದ್ದ ಕರ್ನಾಟಕ ಸಂಗೀತದ ಎಲ್‌ಪಿಗಳನ್ನು ಅಟ್ಟದಿಂದ ಇಳಿಸಿ, ಬೂಷ್ಟು ತೊಳೆದು, ಕೇಳಲು ಆರಂಭಿಸಿದ ಮೇಲೆ ಎರಡು ತೊಂದರೆಗಳು ಎದ್ದು ಕಂಡವು. ಗಾಯಕರ ‘ಸ’ಕಾರ, ‘ಷ’ಕಾರಗಳು ಕಿವಿಗೆ ಚುಚ್ಚುವಂತಿದ್ದವು; ಹಾಡು ನಿಂತು ತಂಬೂರಿ ಮಾತ್ರ ಉಳಿದ ಕಡೆಗಳಲ್ಲಿ ಅದರ ಅಡಿಯಲ್ಲಿ ಇನ್ನೊಂದು ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಟರ್ನ್‌ಟೇಬಲಿನೊಳಗೇ ಕೂಡಿಸಿ ಕೊಟ್ಟಿದ್ದ ಫೋನೊ ಪ್ರೀಆಂಪನ್ನು, ಅಂದರೆ ರೆಕಾರ್ಡಿನಿಂದ ಬರುವ ಕ್ಷೀಣ ಸಿಗ್ನಲನ್ನು ಆಂಪ್ಲಿಫಯರಿಗೆ ತಕ್ಕಷ್ಟು ಹಿಗ್ಗಿಸುವ ಸರ್ಕ್ಯೂಟನ್ನು, ಬಿಟ್ಟು ಹೊಸದೊಂದನ್ನು ಹೊರಗೆ ಕಟ್ಟಿಕೊಳ್ಳುವುದೆಂದು ನಿರ್ಧರಿಸಿದ್ದು ಆ ಕಾರಣಕ್ಕೆ. ಎರಡು ವಾರಾಂತ್ಯಗಳಲ್ಲಿ ಮುಗಿಯುವುದೆಂದುಕೊಂಡ ಕೆಲಸ ಎಂಟು ವಾರ ಹಿಡಿಯಿತು. ಆ ಕಾಲದ ಒಂದು ದೊಡ್ಡ ಪಾಲು ಹೋದದ್ದು ಸಂಜೆಯ ಹೊತ್ತಿಗೆ ಮಾತ್ರ ಬರುತ್ತಿದ್ದ ಒಂದು ಹಮ್ಮಿನ (ವಿದ್ಯುತ್ತಿನಿಂದ ಹುಟ್ಟುವ ಗುಂಯ್ ಎಂಬ ಸದ್ದಿನ) ಮೂಲವನ್ನು ಹುಡುಕುವುದರಲ್ಲಿ. ಆದ್ದರಿಂದ ಮಾಡಿದ ತಪ್ಪುಗಳನ್ನೂ ಬಿಡದೆ ಬರೆದಿಟ್ಟಿದ್ದೇನೆ.

ಹಂತ 1, ಫೆಬ್ರವರಿ 2: ಬಿಚ್ಚಿ ನೋಡಿದ್ದು

ಟರ್ನ್‌ಟೇಬಲನ್ನು ಮಗುಚುವ ಮೊದಲು ತಟ್ಟೆಯನ್ನು ತೆಗೆದು, ಟೋನ್‌ಆರ್ಮನ್ನು ದಾರದಿಂದ ಕಟ್ಟಿ, ಅದರ ತುದಿಯಲ್ಲಿದ್ದು ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್ಜಿನ ಮುಳ್ಳಿಗೆ ಮುಚ್ಚಳ ಹಾಕಿದೆ. ಕಾರ್ಟ್ರಿಜ್ ಆಡಿಯೋ ಟೆಕ್ನಿಕಾ ಕಂಪನಿಯ ಎಟಿ-ವಿಎಂ95ಇ. ಅದರ ಔಟ್‌ಪುಟ್ 4 ಮಿಲಿವೋಲ್ಟ್, ಅದು ಕೇಳುವ ಲೋಡ್ 47 ಕಿಲೋಓಮ್, ಜೊತೆಗೆ 100ರಿಂದ 200 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್. ಒಳಗಿನ ಬೋರ್ಡಿನಲ್ಲಿ ಎರಡೂ ಚಾನಲುಗಳ ಇನ್‌ಪುಟ್‌ಗೆ ‘331’ ಎಂದು ಬರೆದ, ಅಂದರೆ 330 ಪಿಕೋಫ್ಯಾರಡಿನ ಕೆಪ್ಯಾಸಿಟರುಗಳಿದ್ದವು. ಟೋನ್‌ಆರ್ಮಿನ ತಂತಿಯದ್ದೂ ಸೇರಿದರೆ ಸುಮಾರು 380 ಆಗುತ್ತದೆ. ಈ ಕಾರ್ಟ್ರಿಜ್ಜಿನ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಅದರೊಂದಿಗೆ 380 ಪಿಕೋಫ್ಯಾರಡ್ ಸೇರಿದರೆ ಅನುರಣನ 11 ಕಿಲೋಹರ್ಟ್ಸ್ ಸುತ್ತ ಬಂದು ಕೂರುತ್ತದೆ, ಆ ಎತ್ತರದ ಸದ್ದುಗಳು ಉಬ್ಬಿ ಕೇಳಿಸುತ್ತವೆ. ಸಕಾರ ಷಕಾರಗಳು ಚುಚ್ಚುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಎರಡನೆಯದಾಗಿ, ಮೋಟಾರು ಮತ್ತು ಪ್ರೀಆಂಪ್ ಎರಡಕ್ಕೂ ಒಂದೇ 12 ವೋಲ್ಟಿನ ಅಡಾಪ್ಟರಿನಿಂದ ವಿದ್ಯುತ್ ಹೋಗುತ್ತಿತ್ತು. ಕೆಪ್ಯಾಸಿಟರುಗಳನ್ನು ಮಾತ್ರ ಬದಲಿಸಿ ಬಿಡಬಹುದಿತ್ತು. ಆದರೆ ಮೋಟಾರಿನೊಡನೆ ಹಂಚಿಕೊಂಡ ವಿದ್ಯುತ್ತಿನ ಮೇಲೆ 4 ಮಿಲಿವೋಲ್ಟಿನ ಸಿಗ್ನಲನ್ನು ನೂರು ಪಟ್ಟು ಹಿಗ್ಗಿಸುವುದು ನನಗೆ ಸರಿಯೆನಿಸಲಿಲ್ಲ.

ಹಂತ 2, ಫೆಬ್ರವರಿ 8: ಸರ್ಕ್ಯೂಟ್ ಮತ್ತು ಖರೀದಿ

ಎಲ್‌ಪಿ ಕೊರೆಯುವಾಗ ಕೆಳಸ್ವರಗಳನ್ನು ತಗ್ಗಿಸಿ ಮೇಲುಸ್ವರಗಳನ್ನು ಏರಿಸಿರುತ್ತಾರೆ; ನುಡಿಸುವಾಗ ಅದನ್ನು ತಿರುಗಿಸಿ ಸಮಮಾಡಬೇಕು. 1954ರಿಂದ ಬಳಕೆಯಲ್ಲಿರುವ ಆರ್‌ಐಎಎ (ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ) ಕ್ರಮದಲ್ಲಿ ಇದಕ್ಕೆ ಮೂರು ಕಾಲಮಾನಗಳಿವೆ: 3180, 318 ಮತ್ತು 75 ಮೈಕ್ರೋಸೆಕೆಂಡ್. ಮೂರನ್ನೂ ಒಂದೇ ಫೀಡ್‌ಬ್ಯಾಕ್ ಜಾಲದಲ್ಲಿ (ಔಟ್‌ಪುಟ್‌ನ ಒಂದು ಭಾಗವನ್ನು ಇನ್‌ಪುಟ್‌ಗೆ ಮರಳಿಸುವ ದಾರಿಯಲ್ಲಿ) ಅಳವಡಿಸಿದರೆ ಒಂದು ಬಿಡಿಭಾಗದ ಅಳತೆಯ ತಪ್ಪು ಉಳಿದವನ್ನೂ ಕೆಡಿಸುತ್ತದೆ. ಆದ್ದರಿಂದ ಮೊದಲ ಎರಡನ್ನು, ಸಿಗ್ನಲನ್ನು ಹಿಗ್ಗಿಸುವ ಘಟಕಗಳಾದ ಆಪ್‌ಆಂಪುಗಳಲ್ಲಿ ಮೊದಲನೆಯ ಆಪ್‌ಆಂಪಿನ ಫೀಡ್‌ಬ್ಯಾಕಿನಲ್ಲಿಯೂ, 75ನ್ನು ಎರಡು ಆಪ್‌ಆಂಪುಗಳ ನಡುವೆ ಒಂದು ರೆಸಿಸ್ಟರ್ ಮತ್ತು ಒಂದು ಕೆಪ್ಯಾಸಿಟರಿನಿಂದಲೂ ಪಡೆಯುವ ವಿಧಾನವನ್ನು ಆರಿಸಿಕೊಂಡೆ. ಒಂದು ಚಾನಲಿಗೆ ಒಂದು ಎನ್‌ಇ5532 ಸಾಕು, ಏಕೆಂದರೆ ಅದರೊಳಗೆ ಎರಡು ಆಪ್‌ಆಂಪುಗಳಿರುತ್ತವೆ.

ನಾನು ಹಾಕಿದ ಬಿಡಿಭಾಗಗಳ ಅಳತೆಗಳು ಹೀಗಿವೆ. ಇನ್‌ಪುಟ್‌ನಿಂದ ನೆಲಕ್ಕೆ (ಗ್ರೌಂಡ್, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ಬಿಂದು) 47 ಕಿಲೋಓಮ್. ಮೊದಲ ಆಪ್‌ಆಂಪಿನ ಇನ್ವರ್ಟಿಂಗ್ ಪಿನ್ನಿನಿಂದ ನೆಲಕ್ಕೆ 470 ಓಮ್, ಅದರೊಡನೆ ಸರಣಿಯಲ್ಲಿ 220 ಮೈಕ್ರೋಫ್ಯಾರಡ್. ಫೀಡ್‌ಬ್ಯಾಕಿನಲ್ಲಿ 10 ಕಿಲೋಓಮ್ ಮತ್ತು 240 ಓಮ್ ಸರಣಿಯಲ್ಲಿ. ಅದರ ಮುಂದೆ 33 ನ್ಯಾನೋಫ್ಯಾರಡಿಗೆ ಸಮಾಂತರವಾಗಿ 96.37 ಕಿಲೋಓಮ್. ಈ ಕೊನೆಯದನ್ನು 91 ಕಿಲೋಓಮ್, 5.1 ಕಿಲೋಓಮ್ ಮತ್ತು 270 ಓಮ್ ಜೋಡಿಸಿ ಪಡೆದೆ. ನಡುವಿನ 75 ಮೈಕ್ರೋಸೆಕೆಂಡಿಗೆ 7.5 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್. ಎರಡನೆಯ ಆಪ್‌ಆಂಪಿಗೆ 3.3 ಕಿಲೋಓಮ್ ಮತ್ತು 1 ಕಿಲೋಓಮ್, ಅಂದರೆ 4.3 ಪಟ್ಟು. ಎಲ್ಲ ಸೇರಿ 1 ಕಿಲೋಹರ್ಟ್ಸಿನಲ್ಲಿ ಸುಮಾರು 99 ಪಟ್ಟು, ಅಂದರೆ 40 ಡೆಸಿಬೆಲ್. ಔಟ್‌ಪುಟ್ ತುದಿಯಲ್ಲಿ 4.7 ಮೈಕ್ರೋಫ್ಯಾರಡಿನ ಫಿಲ್ಮ್ ಕೆಪ್ಯಾಸಿಟರ್.

ಬಸ್ಸು ಹಿಡಿದು ಮಂಗಳೂರಿಗೆ ಹೋಗಿ ಸಾಮಾನು ತಂದೆ. ಅಂದು ಎರಡು ವಿಷಯಗಳಲ್ಲಿ ರಾಜಿ ಮಾಡಿಕೊಂಡೆ, ಎರಡಕ್ಕೂ ಮುಂದೆ ದಂಡ ತೆತ್ತೆ. 10 ನ್ಯಾನೋಫ್ಯಾರಡಿನ ಫಿಲ್ಮ್ ಕೆಪ್ಯಾಸಿಟರ್ ಅಂಗಡಿಯಲ್ಲಿ ಮುಗಿದಿತ್ತು, ಬದಲಿಗೆ ಸೆರಾಮಿಕ್ ಬಿಲ್ಲೆಗಳನ್ನು ತೆಗೆದುಕೊಂಡೆ. 15-0-15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. 12-0-12, 500 ಮಿಲಿಆಂಪಿನದನ್ನು ತಂದೆ.

ಹಂತ 3, ಫೆಬ್ರವರಿ 15ರಿಂದ 21: ಬೋರ್ಡು

ತೂತುಗಳಿರುವ ಸಾದಾ ಬೋರ್ಡಿನ ಮೇಲೆ 25 ವಾಟಿನ ಸೋಲ್ಡರಿಂಗ್ ಐರನ್ನಿನಿಂದ ಕೆಲಸ ಮಾಡಿದೆ. ಐಸಿಗಳನ್ನು ನೇರವಾಗಿ ಬೆಸೆಯದೆ ಎಂಟು ಪಿನ್ನಿನ ಸಾಕೆಟುಗಳನ್ನು ಹಾಕಿದ್ದು ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ. ನೆಲದ ತಂತಿಗಳನ್ನೆಲ್ಲ ದಪ್ಪ ತಾಮ್ರದ ಒಂದೇ ಬಿಂದುವಿಗೆ ತಂದು ಸೇರಿಸಿದೆ. ಹತ್ತು 33 ನ್ಯಾನೋಫ್ಯಾರಡ್ ಕೆಪ್ಯಾಸಿಟರುಗಳನ್ನು ಮಲ್ಟಿಮೀಟರಿನಲ್ಲಿ ಅಳೆದಾಗ 31.6ರಿಂದ 34.2ರ ವರೆಗೆ ಬಂದವು. ಅವುಗಳಲ್ಲಿ 33ಕ್ಕೆ ಅತಿ ಹತ್ತಿರದ ಎರಡನ್ನು ಆರಿಸಿಕೊಂಡೆ.

ಸೆರಾಮಿಕ್ ಬಿಲ್ಲೆಗಳನ್ನು ಮಾತ್ರ ಅಳೆಯಲಿಲ್ಲ. ಅವುಗಳ ಮೇಲೆ ‘103ಝಡ್’ ಎಂದಿತ್ತು. ಆ ಕೊನೆಯ ಅಕ್ಷರದ ಅರ್ಥ ಬರೆದ ಅಳತೆಗಿಂತ ಶೇಕಡ 20 ಕಡಿಮೆಯಿಂದ ಶೇಕಡ 80 ಹೆಚ್ಚಿನವರೆಗೆ ಎಲ್ಲಿ ಬೇಕಾದರೂ ಇರಬಹುದೆಂದು. ಅದು ಗೊತ್ತಿದ್ದೂ ಹಾಕಿದೆ.

ಎರಡು 9 ವೋಲ್ಟಿನ ಬ್ಯಾಟರಿಗಳನ್ನು ಧನ, ಋಣ ಎಂದು ಜೋಡಿಸಿ ಬೋರ್ಡಿಗೆ ಜೀವ ಕೊಟ್ಟೆ. ಅಕ್ಕನ ಮಗನಿಂದ ಎರವಲು ತಂದ ಯುಎಸ್‌ಬಿ ಸೌಂಡ್ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪಿನ ಆಡಾಸಿಟಿ ತಂತ್ರಾಂಶದಿಂದ ಬೇರೆ ಬೇರೆ ಆವರ್ತನಗಳ ಸೈನ್ ತರಂಗಗಳನ್ನು ಹೊರಡಿಸಿ, 10 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರುಗಳಿಂದ ನೂರನೆಯ ಒಂದು ಭಾಗಕ್ಕೆ ಇಳಿಸಿ ಇನ್‌ಪುಟ್‌ಗೆ ಕೊಟ್ಟು, ಔಟ್‌ಪುಟನ್ನು ಮತ್ತೆ ಅದೇ ಇಂಟರ್‌ಫೇಸಿನಲ್ಲಿ ದಾಖಲಿಸಿದೆ. 1 ಕಿಲೋಹರ್ಟ್ಸನ್ನು ಸೊನ್ನೆ ಎಂದಿಟ್ಟುಕೊಂಡರೆ 50 ಹರ್ಟ್ಸಿನಲ್ಲಿ 16.95, 100ರಲ್ಲಿ 13.1, 10 ಕಿಲೋಹರ್ಟ್ಸಿನಲ್ಲಿ ಋಣ 13.7, 20 ಕಿಲೋಹರ್ಟ್ಸಿನಲ್ಲಿ ಋಣ 19.6 ಡೆಸಿಬೆಲ್ ಬರಬೇಕು. ಕೆಳಭಾಗ ಎರಡು ಚಾನಲುಗಳಲ್ಲಿಯೂ ಸರಿಯಾಗಿ ಬಂತು. 10 ಕಿಲೋಹರ್ಟ್ಸಿನಲ್ಲಿ ಎಡ ಋಣ 15.5, ಬಲ ಋಣ 13.1. ಬಿಲ್ಲೆಗಳನ್ನು ಬಿಚ್ಚಿ ಅಳೆದರೆ ಎಡದ್ದು 13.2 ನ್ಯಾನೋಫ್ಯಾರಡ್, ಬಲದ್ದು 9.1. ಒಂದು ನಿಮಿಷದ ಅಳತೆಯನ್ನು ಉಳಿಸಲು ಹೋಗಿ ಒಂದು ವಾರ ಕಳೆದೆ. ಮತ್ತೊಮ್ಮೆ ಮಂಗಳೂರಿಗೆ ಹೋಗಿ ಫಿಲ್ಮ್ ಕೆಪ್ಯಾಸಿಟರುಗಳನ್ನು ತಂದು, ಹತ್ತರಲ್ಲಿ ಎರಡನ್ನು ಅಳೆದು ಆರಿಸಿ ಹಾಕಿದ ಮೇಲೆ ಎರಡೂ ಚಾನಲುಗಳು ಇರಬೇಕಾದ ಬೆಲೆಯಿಂದ 0.2 ಡೆಸಿಬೆಲಿನೊಳಗೆ ಬಂದವು. ಎರಡನೆಯ ಆಪ್‌ಆಂಪಿನ ಔಟ್‌ಪುಟ್‌ನಲ್ಲಿ ಡಿಸಿ 40 ಮಿಲಿವೋಲ್ಟಿನಷ್ಟಿತ್ತು. ಅದನ್ನು ತಡೆಯಲು ತುದಿಯ ಕೆಪ್ಯಾಸಿಟರ್ ಇರುವುದರಿಂದ ಅದರ ಚಿಂತೆ ಇರಲಿಲ್ಲ.

ಹಂತ 4, ಫೆಬ್ರವರಿ 22: ಪವರ್ ಸಪ್ಲೈ ಮತ್ತು ಸುಟ್ಟ ರೆಗ್ಯುಲೇಟರ್

ಟ್ರಾನ್ಸ್‌ಫಾರ್ಮರಿನ ನಂತರ ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫಯರ್, ಪ್ರತಿ ಬದಿಗೆ 2200 ಮೈಕ್ರೋಫ್ಯಾರಡ್, ಅನಂತರ ವೋಲ್ಟೇಜನ್ನು 15ರಲ್ಲಿ ಸ್ಥಿರವಾಗಿಡಲು ಧನ ಬದಿಗೆ 7815 ಮತ್ತು ಋಣ ಬದಿಗೆ 7915. ಈ ಎರಡು ರೆಗ್ಯುಲೇಟರುಗಳು ನೋಡಲು ಅವಳಿಗಳಂತಿದ್ದರೂ ಪಿನ್ನುಗಳ ಕ್ರಮ ಬೇರೆ. 7815ರಲ್ಲಿ ಮೊದಲ ಪಿನ್ ಇನ್‌ಪುಟ್, ನಡುವಿನದು ನೆಲ. 7915ರಲ್ಲಿ ಮೊದಲನೆಯದು ನೆಲ, ನಡುವಿನದು ಇನ್‌ಪುಟ್. ಅದರ ಲೋಹದ ಬೆನ್ನು ಕೂಡ ಇನ್‌ಪುಟ್‌ಗೇ ಸೇರಿರುತ್ತದೆ. ಧನ ಬದಿಯನ್ನು ಬೆಸೆದು ಮುಗಿಸಿದ ಕೈ ಅದೇ ಕ್ರಮದಲ್ಲಿ ಋಣ ಬದಿಯನ್ನೂ ಬೆಸೆಯಿತು. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ ಬಂತು, 7915 ಮುಟ್ಟಲಾಗದಷ್ಟು ಕಾದಿತ್ತು. ಅದನ್ನು ಕಿತ್ತೆಸೆದು, ಇನ್ನೊಂದನ್ನು ಸರಿಯಾದ ಕ್ರಮದಲ್ಲಿ ಹಾಕಿ, ಬೆನ್ನು ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಅಭ್ರಕದ ತುಂಡು ಇಟ್ಟೆ. ಆಪ್‌ಆಂಪುಗಳು ಆ ಹೊತ್ತಿಗೆ ಸಾಕೆಟಿನಲ್ಲಿರಲಿಲ್ಲವಾದ್ದರಿಂದ ಅವು ಉಳಿದವು. ಹೊಸ ಸಪ್ಲೈ ಕಟ್ಟಿದಾಗ ಐಸಿಗಳನ್ನು ಕೂರಿಸುವ ಮೊದಲು ಸಾಕೆಟಿನ 8ನೆಯ ಮತ್ತು 4ನೆಯ ಪಿನ್ನುಗಳಲ್ಲಿ ವೋಲ್ಟೇಜನ್ನು ಅಳೆಯಲೇಬೇಕು.

ಎರಡನೆಯ ಪ್ರಯತ್ನದಲ್ಲಿ ಧನ 15.02, ಋಣ 14.96 ವೋಲ್ಟ್ ಬಂತು. ರೆಗ್ಯುಲೇಟರುಗಳ ಇನ್‌ಪುಟ್‌ನಲ್ಲಿ 18.2 ವೋಲ್ಟ್ ಇತ್ತು. ಮೂರು ವೋಲ್ಟಿಗಿಂತ ಹೆಚ್ಚು ಅಂತರವಿದೆ, 12-0-12 ಟ್ರಾನ್ಸ್‌ಫಾರ್ಮರೇ ಸಾಕಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಗ ಮಧ್ಯಾಹ್ನ ಎರಡು ಗಂಟೆ, ಗೋಡೆಯ ಪ್ಲಗ್ಗಿನಲ್ಲಿ 232 ವೋಲ್ಟ್. ಈ ಎರಡು ವಿವರಗಳನ್ನೂ ಪಕ್ಕದಲ್ಲಿಯೇ ಬರೆದಿಟ್ಟಿದ್ದೆ, ಆದರೆ ಅವುಗಳ ಮಹತ್ವ ಆಗ ಹೊಳೆಯಲಿಲ್ಲ.

ಹಂತ 5, ಮಾರ್ಚ್ 1: ಟೋನ್‌ಆರ್ಮಿನ ತಂತಿಗಳು

ಒಳಗಿನ ಬೋರ್ಡಿನಿಂದ ಟೋನ್‌ಆರ್ಮಿನ ತಂತಿಗಳನ್ನು ಬಿಡಿಸಿ ಹಿಂಬದಿಗೆ ಹೊಸ ಆರ್‌ಸಿಎ ಸಾಕೆಟುಗಳಿಗೆ ಕೊಡಬೇಕಿತ್ತು. ಬಿಳಿ ಎಡ ಚಾನಲಿನ ಸಿಗ್ನಲ್, ನೀಲಿ ಅದರ ನೆಲ. ಕೆಂಪು ಬಲ ಚಾನಲಿನ ಸಿಗ್ನಲ್, ಹಸಿರು ಅದರ ನೆಲ. ಈ ತಂತಿಗಳು ತಲೆಗೂದಲಿನಷ್ಟೇ ದಪ್ಪ. ನೀಲಿ ತಂತಿಯನ್ನು ಬಿಡಿಸುವಾಗ ಅದು ಬುಡದಲ್ಲಿ ತುಂಡಾಯಿತು. ಉಳಿದ ತುದಿಯ ಮೇಲಿನ ಅರಗಿನ ಲೇಪವನ್ನು ಬ್ಲೇಡಿನಿಂದ ಕೆರೆಯಲು ಹೋದಾಗ ಇನ್ನೂ ಒಂದು ಸೆಂಟಿಮೀಟರ್ ಕಳೆದುಕೊಂಡೆ. ಕೊನೆಗೆ ಐರನ್ನಿನ ಮೊನೆಯ ಮೇಲೆ ಬೆಸುಗೆಯ ಒಂದು ಹನಿಯನ್ನು ನಿಲ್ಲಿಸಿ, ತಂತಿಯ ತುದಿಯನ್ನು ಅದರೊಳಗೆ ಕೆಲವು ಸೆಕೆಂಡು ಅದ್ದಿ ಹಿಡಿದಾಗ ಲೇಪ ತಾನಾಗಿ ಸುಟ್ಟುಹೋಗಿ ತಾಮ್ರಕ್ಕೆ ಬೆಸುಗೆ ಹತ್ತಿತು. ಬ್ಲೇಡ್ ಹಿಡಿಯಲೇಬಾರದಿತ್ತು. ಇಷ್ಟು ಸಣ್ಣ ತಂತಿಗಳನ್ನು ನೇರವಾಗಿ ಸಾಕೆಟಿಗೆ ಎಳೆಯದೆ, ನಡುವೆ ಐದು ತುದಿಗಳ ಒಂದು ಪಟ್ಟಿಯನ್ನು ತಿರುಪಿನಿಂದ ಬಿಗಿದು, ಅಲ್ಲಿಂದ ದಪ್ಪ ತಂತಿಯನ್ನು ಮುಂದುವರಿಸಿದೆ. ಐದನೆಯ ತುದಿ ಟೋನ್‌ಆರ್ಮಿನ ಲೋಹದ ನೆಲದ್ದು.

ಸಾಕೆಟುಗಳಿಂದ ಪ್ರೀಆಂಪಿಗೆ 80 ಸೆಂಟಿಮೀಟರ್ ಶೀಲ್ಡ್ ಕೇಬಲ್. ಕಾರ್ಟ್ರಿಜ್ಜನ್ನು ಬಿಚ್ಚಿಟ್ಟು ಅಳೆದಾಗ ಕೇಬಲ್ ಮತ್ತು ಆರ್ಮ್ ಸೇರಿ 126 ಪಿಕೋಫ್ಯಾರಡ್ ಬಂತು. ಬೇಕಾದ ಮಿತಿಯೊಳಗೇ ಇದ್ದುದರಿಂದ ಇನ್‌ಪುಟ್‌ಗೆ ಬೇರೆ ಕೆಪ್ಯಾಸಿಟರ್ ಹಾಕಲಿಲ್ಲ. ಅನುರಣನ 18 ಕಿಲೋಹರ್ಟ್ಸಿನ ಆಚೆಗೆ ಹೋಯಿತು.

ಹಂತ 6, ಮಾರ್ಚ್ 2: ಮೊದಲ ಆಲಿಕೆ

ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ತೀರ ಮೆಚ್ಚಿಕೊಂಡಿದ್ದ ಒಂದು ಹಾಡುಗಾರಿಕೆಯ ಎಲ್‌ಪಿ ಹಾಕಿದೆ. ಚುಚ್ಚುವಿಕೆ ಮಾಯವಾಗಿತ್ತು. ಷಕಾರ ಷಕಾರವಾಗಿಯೇ ಕೇಳಿಸಿತು, ಮೃದಂಗದ ಎಡಗೈಯ ಗುಮುಕಿ ತುಂಬಿ ಬಂತು. ಆದರೆ ಹಮ್ ಮೊದಲಿಗಿಂತ ಹೆಚ್ಚಾಗಿತ್ತು.

ಅಕ್ಕ ವೀಣೆ ನುಡಿಸುವವಳು. ಆ ರೆಕಾರ್ಡಿನ ಶ್ರುತಿ, ಯಕ್ಷಗಾನದವರು ಹೇಳುವಂತೆ, ಬಿಳಿ ಎರಡು, ಅಂದರೆ ಹಾರ್ಮೋನಿಯಮ್ಮಿನ ಎರಡನೆಯ ಬಿಳಿ ಮನೆ. ಹಮ್ಮು ಷಡ್ಜಕ್ಕಿಂತ ಕೂದಲೆಳೆಯಷ್ಟು ಮೇಲಿದ್ದು ತಂಬೂರಿಯ ಜೊತೆ ಅಲೆಯಲೆಯಾಗಿ ತಾಗುತ್ತಿದೆ, ಸೆಕೆಂಡಿಗೆ ಮೂರು ಸಲ, ಎಂದು ಅವಳು ಹೇಳಿದಳು. ಬಿಳಿ ಎರಡರ ಷಡ್ಜ ಸುಮಾರು 147 ಹರ್ಟ್ಸ್. ನಮ್ಮ ಸಣ್ಣ ಸ್ಪೀಕರುಗಳಲ್ಲಿ ಕರೆಂಟಿನ ಆವರ್ತನವಾದ 50 ಹರ್ಟ್ಸ್ ಸರಿಯಾಗಿ ಕೇಳಿಸುವುದಿಲ್ಲ, ಅದರ ಮೂರನೆಯ ಪಟ್ಟು 150 ಚೆನ್ನಾಗಿ ಕೇಳಿಸುತ್ತದೆ. ಮೂರರ ವ್ಯತ್ಯಾಸ ಅವಳ ಕಿವಿಗೆ ಮೂರು ಅಲೆಗಳಾಗಿ ಸಿಕ್ಕಿತ್ತು. ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಆಡಾಸಿಟಿಯ ಸ್ಪೆಕ್ಟ್ರಮ್ಮಿನಲ್ಲಿಯೂ 50 ಮತ್ತು 150ರಲ್ಲಿ ಎತ್ತರದ ಗೆರೆಗಳಿದ್ದವು, 100ರಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಕಾರಣ ನಾನು ಜಾಗ ಉಳಿಸಲು ಟ್ರಾನ್ಸ್‌ಫಾರ್ಮರನ್ನೂ ಅದೇ ಪೆಟ್ಟಿಗೆಯಲ್ಲಿ, ಇನ್‌ಪುಟ್ ಸಾಕೆಟಿನಿಂದ 8 ಸೆಂಟಿಮೀಟರ್ ದೂರದಲ್ಲಿ ಕೂರಿಸಿದ್ದು. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗ ಹಮ್ ಏರಿ ಇಳಿಯಿತು. ಅಯಸ್ಕಾಂತ ಕ್ಷೇತ್ರದ ಹಮ್ ಎಂಬುದಕ್ಕೆ ಅದೇ ಸಾಕ್ಷಿ. 180 ರೂಪಾಯಿಯ ಇನ್ನೊಂದು ಪೆಟ್ಟಿಗೆ ತಂದು, ಟ್ರಾನ್ಸ್‌ಫಾರ್ಮರ್, ರೆಕ್ಟಿಫಯರ್, ಫ್ಯೂಸುಗಳನ್ನು ಅದಕ್ಕೆ ವರ್ಗಾಯಿಸಿ, ಐದು ಪಿನ್ನಿನ ಡಿನ್ ಪ್ಲಗ್ಗಿನಿಂದ ಜೋಡಿಸಿ, 70 ಸೆಂಟಿಮೀಟರ್ ದೂರದಲ್ಲಿ, ಕಪಾಟಿನ ಕೆಳಗಿನ ಹಲಗೆಯಲ್ಲಿ ಇಟ್ಟೆ. ರೆಗ್ಯುಲೇಟರುಗಳು ಪ್ರೀಆಂಪಿನ ಪೆಟ್ಟಿಗೆಯಲ್ಲಿಯೇ ಉಳಿದವು. 50ರ ಗೆರೆ ಒಮ್ಮೆಗೇ 20 ಡೆಸಿಬೆಲ್ ಇಳಿಯಿತು.

ಹಂತ 7, ಮಾರ್ಚ್ 8: ಅರ್ತಿಂಗ್

ಉಳಿದ ಸಣ್ಣ ಹಮ್ ಅರ್ತ್ ಸುತ್ತಿನದು. ಆಂಪ್ಲಿಫಯರಿಗೂ ಪ್ರೀಆಂಪಿಗೂ ಬೇರೆ ಬೇರೆಯಾಗಿ ಮೂರು ಪಿನ್ನಿನ ಅರ್ತ್ ಇದ್ದು, ಆರ್‌ಸಿಎ ಕೇಬಲಿನ ಮೂಲಕ ಅವು ಮತ್ತೊಮ್ಮೆ ಸೇರುತ್ತಿದ್ದವು. ಪರೀಕ್ಷೆಗೆಂದು ಪ್ರೀಆಂಪಿನ ಪ್ಲಗ್ಗಿನ ಅರ್ತ್ ತಂತಿಯನ್ನು ಬಿಚ್ಚಿ ಐದು ನಿಮಿಷ ನಡೆಸಿದೆ, ಹಮ್ ಹೋಯಿತು. ಆದರೆ 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇರುವ ಲೋಹದ ಪೆಟ್ಟಿಗೆಯನ್ನು ಅರ್ತ್ ಇಲ್ಲದೆ ಐದು ನಿಮಿಷವೂ ನಡೆಸಬಾರದಿತ್ತು, ಮಕ್ಕಳು ಓಡಾಡುವ ಚಾವಡಿಯಲ್ಲಂತೂ ಖಂಡಿತ ಸಲ್ಲದು. ತಂತಿಯನ್ನು ಮರಳಿ ಬಿಗಿದು, ಬೋರ್ಡಿನ ನೆಲದ ಬಿಂದುವಿಗೂ ಪೆಟ್ಟಿಗೆಯ ಲೋಹಕ್ಕೂ ನಡುವೆ ಇದ್ದ ನೇರ ತಂತಿಯನ್ನು ತೆಗೆದು, ಅಲ್ಲಿ 10 ಓಮ್ ರೆಸಿಸ್ಟರ್ ಮತ್ತು ಅದಕ್ಕೆ ಸಮಾಂತರವಾಗಿ 100 ನ್ಯಾನೋಫ್ಯಾರಡ್ ಹಾಕಿದೆ. ಪೆಟ್ಟಿಗೆಗಳೆರಡೂ ಅರ್ತಿಗೆ ಸೇರಿಯೇ ಇವೆ, ಹಮ್ ಕೂಡ ಹೋಯಿತು. ಟೋನ್‌ಆರ್ಮಿನ ನೆಲದ ತಂತಿ ಪೆಟ್ಟಿಗೆಯ ತಿರುಪಿಗೆ ಹೋಗುತ್ತದೆ.

ಇದೇ ಸಂದರ್ಭದಲ್ಲಿ ಪ್ಲಗ್ಗಿನ ನ್ಯೂಟ್ರಲ್ ಮತ್ತು ಅರ್ತ್ ನಡುವೆ 9 ವೋಲ್ಟ್ ಕಂಡಿತು. ನಮ್ಮದು ಮುರಕಲ್ಲಿನ ನೆಲ, ಮಾರ್ಚ್ ಬರುವಷ್ಟರಲ್ಲಿ ಅರ್ತಿನ ಗುಂಡಿ ಪೂರ್ತಿ ಒಣಗಿರುತ್ತದೆ. ನಾಲ್ಕು ಕೊಡ ನೀರು ಸುರಿದ ಮರುದಿನ 3 ವೋಲ್ಟಿಗೆ ಇಳಿಯಿತು. ಈಗ ವಾರಕ್ಕೊಮ್ಮೆ ತೋಟದ ಪೈಪನ್ನು ಆ ಗುಂಡಿಗೂ ಸ್ವಲ್ಪ ಹೊತ್ತು ತಿರುಗಿಸುತ್ತೇವೆ.

ಹಂತ 8, ಮಾರ್ಚ್ 9ರಿಂದ 20: ಸಂಜೆಯ ಹಮ್

ಒಂಬತ್ತನೆಯ ತಾರೀಕಿನ ಬೆಳಿಗ್ಗೆ ಎಲ್ಲವೂ ನಿಶ್ಶಬ್ದವಾಗಿತ್ತು. ಅಂದು ಸಂಜೆ ಏಳಕ್ಕೆ ನೆಂಟರಿಗೆ ಕೇಳಿಸಲೆಂದು ರೆಕಾರ್ಡ್ ಹಾಕಿದಾಗ ಹಿಂದೆಂದಿಗಿಂತಲೂ ಜೋರಾದ ಗುಂಯ್‌ಗುಡುವಿಕೆ ಎದ್ದಿತು. ರಾತ್ರಿ ಹತ್ತರ ನಂತರ ಮತ್ತೆ ಇರಲಿಲ್ಲ. ಮರುದಿನವೂ ಹಾಗೆಯೇ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು, ಇದು ಹಿಂದಿನ ವಾರದ ಹಮ್ಮೇ ಮರಳಿ ಬಂದಿದೆ ಎಂದು ಅಳೆಯದೆ ನಂಬಿದ್ದು. ನೆಲದ ಬಿಂದುವನ್ನು ಬಿಚ್ಚಿ ಹೊಸದಾಗಿ ಬೆಸೆದೆ. ಆರ್‌ಸಿಎ ಕೇಬಲುಗಳನ್ನು ಬದಲಿಸಿದೆ. ಸಂಜೆ ಹೊತ್ತಿಸುವ ಎಲ್‌ಇಡಿ ದೀಪಗಳ ಮೇಲೆ ಸಂಶಯಪಟ್ಟು ಒಂದು ಸಂಜೆ ಮನೆಯವರನ್ನೆಲ್ಲ ಕತ್ತಲೆಯಲ್ಲಿ ಕೂರಿಸಿದೆ. ಫ್ರಿಜ್, ಇನ್ವರ್ಟರ್, ಫ್ಯಾನಿನ ರೆಗ್ಯುಲೇಟರ್, ಒಂದೊಂದನ್ನಾಗಿ ಆರಿಸಿ ನೋಡಿದೆ. ಪ್ರೀಆಂಪಿನ ಪೆಟ್ಟಿಗೆಯ ಒಳಗೆ ತಾಮ್ರದ ತಗಡನ್ನು ಅಂಟಿಸಿದೆ. ಐದು ಸಂಜೆಗಳು ಹೀಗೆ ಹೋದವು, ಹಮ್ ಮಾತ್ರ ಅಷ್ಟೇ ಇತ್ತು.

ಹದಿನಾರರ ಸಂಜೆ ಅಕ್ಕ ಬಂದಿದ್ದಳು. ಅದೇ ಬಿಳಿ ಎರಡರ ರೆಕಾರ್ಡ್ ತಿರುಗುತ್ತಿತ್ತು. ಸ್ವಲ್ಪ ಹೊತ್ತು ಕೇಳಿ ಅವಳೆಂದಳು: “ಇದು ಆವತ್ತು ಕೇಳಿದ ಸ್ವರ ಅಲ್ಲ ಮಾರಾಯ. ಅದು ಷಡ್ಜದ ಹತ್ತಿರ ಇತ್ತು. ಇದು ಮಂದ್ರ ಮಧ್ಯಮದ ಹತ್ತಿರ ಇದೆ.”

ಷಡ್ಜ 147 ಆದರೆ ಮಂದ್ರ ಮಧ್ಯಮ 98 ಹರ್ಟ್ಸ್. ಹಾಗಾದರೆ ಈ ಸದ್ದು 100. ಕೂಡಲೇ ಲ್ಯಾಪ್‌ಟಾಪಿನಲ್ಲಿ ದಾಖಲಿಸಿ ನೋಡಿದರೆ 100, 200, 300ರಲ್ಲಿ ಗೆರೆಗಳು ಸಾಲಾಗಿ ನಿಂತಿದ್ದವು, 50 ಮತ್ತು 150 ಮೊದಲಿನಂತೆ ತಗ್ಗಿನಲ್ಲಿಯೇ ಇದ್ದವು. ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಕ್ಷೇತ್ರವಾಗಲಿ ಅರ್ತ್ ಸುತ್ತಾಗಲಿ ತರುವುದು 50 ಮತ್ತು ಅದರ ಪಟ್ಟುಗಳನ್ನು. 50 ಇಲ್ಲದೆ 100 ಮಾತ್ರ ಎದ್ದು ನಿಂತರೆ ಅದು 50ನ್ನು ಇಮ್ಮಡಿಸುವ ರೆಕ್ಟಿಫಯರಿನ ಆಚೆಗಿನದು, ಅಂದರೆ ಡಿಸಿಯ ಮೇಲಿನ ಅಲೆ ರೆಗ್ಯುಲೇಟರನ್ನು ದಾಟಿ ಬರುತ್ತಿದೆ ಎಂದರ್ಥ. ಎರಡು ವಾರದ ಹಿಂದೆ ಇದೇ ಸ್ಪೆಕ್ಟ್ರಮ್ಮನ್ನು ನೋಡಿದ್ದವನು ಈ ಒಂದು ವಾರದಲ್ಲಿ ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ಡಿನ್ ಪ್ಲಗ್ಗನ್ನು ಬಿಚ್ಚಿ, ರೆಗ್ಯುಲೇಟರುಗಳನ್ನು ಬಿಟ್ಟು, ಹಂತ 3ರ ಬ್ಯಾಟರಿಗಳನ್ನು ಬೋರ್ಡಿಗೆ ಜೋಡಿಸಿದೆ. ಏಳೂವರೆ ಗಂಟೆಯಲ್ಲಿಯೂ ಸ್ಪೀಕರಿನಲ್ಲಿ ರೆಕಾರ್ಡಿನ ಸವಕಲು ಸದ್ದಿನ ಹೊರತು ಬೇರೇನೂ ಇರಲಿಲ್ಲ. ಮರಳಿ ಪವರ್ ಸಪ್ಲೈ ಜೋಡಿಸಿ ಮಲ್ಟಿಮೀಟರ್ ಹಿಡಿದೆ. ಗೋಡೆಯ ಪ್ಲಗ್ಗಿನಲ್ಲಿ 192 ವೋಲ್ಟ್. 7815ರ ಇನ್‌ಪುಟ್‌ನಲ್ಲಿ 14.9 ವೋಲ್ಟ್, ಔಟ್‌ಪುಟ್‌ನಲ್ಲಿ 13.6. ಹದಿನೈದು ವೋಲ್ಟ್ ಕೊಡಬೇಕಾದ ರೆಗ್ಯುಲೇಟರಿಗೆ ಬರುತ್ತಿದ್ದುದೇ ಹದಿನೈದಕ್ಕಿಂತ ಕಡಿಮೆ. ಅದು ಕೆಲಸ ಮಾಡಲು 17 ವೋಲ್ಟಿಗೆ ಕಡಿಮೆಯಾಗದಂತೆ ಇನ್‌ಪುಟ್ ಬೇಕು. ಅಷ್ಟಿಲ್ಲದಾಗ ಅದು ಅಲೆಯನ್ನು ತಡೆಯಲಾರದೆ ಹಾಗೆಯೇ ಮುಂದಕ್ಕೆ ಬಿಡುತ್ತದೆ.

ವೋಲ್ಟೇಜ್ ಇಳಿಯುವುದೇಕೆ ಎಂಬುದನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಸಂಜೆ ಆರೂವರೆಯಾಗುತ್ತಲೇ ಸುತ್ತಲಿನ ಅಡಿಕೆ ತೋಟಗಳಿಗೆ ನೀರು ಬಿಡುವ ಪಂಪ್‌ಸೆಟ್ಟುಗಳು ಒಂದರ ಹಿಂದೆ ಒಂದು ಚಾಲೂ ಆಗುತ್ತವೆ. ನಮ್ಮ ಮನೆ ಆ ಲೈನಿನ ಕೊನೆಯ ಕಂಬದ ಬುಡದಲ್ಲಿದೆ. ಅವುಗಳಲ್ಲಿ ನಮ್ಮದೇ ಒಂದೂವರೆ ಎಚ್‌ಪಿಯ ಪಂಪೂ ಸೇರಿತ್ತು. ಅದನ್ನು ಆರಿಸಿ ನೋಡಿದೆ. 192 ಇದ್ದದ್ದು 199ಕ್ಕೆ ಏರಿತು, ಹಮ್ ಕೊಂಚ ತಗ್ಗಿತು, ಹೋಗಲಿಲ್ಲ. ಮುಂದಿನ ನಾಲ್ಕು ದಿನ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ವರೆಗೆ ಎರಡು ಗಂಟೆಗೊಮ್ಮೆ ಪ್ಲಗ್ಗಿನ ವೋಲ್ಟೇಜನ್ನು ಬರೆದಿಟ್ಟೆ. ಅತಿ ಹೆಚ್ಚು 238, ಅತಿ ಕಡಿಮೆ 181. ಈ ಪಟ್ಟಿಯನ್ನು ಟ್ರಾನ್ಸ್‌ಫಾರ್ಮರ್ ಕೊಳ್ಳುವ ಮೊದಲೇ ಬರೆಯಬೇಕಿತ್ತು. ಮಧ್ಯಾಹ್ನ ಎರಡರ ವೋಲ್ಟೇಜನ್ನು ಇಡೀ ದಿನದ್ದೆಂದು ಭಾವಿಸಿ ಲೆಕ್ಕ ಹಾಕಿದ್ದೇ ಎಲ್ಲಕ್ಕೂ ಮೂಲ.

ಹಂತ 9, ಮಾರ್ಚ್ 21 ಮತ್ತು 23: ಪರಿಹಾರ

ಮೊದಲು ಹಳೆಯ ಫ್ರಿಜ್ಜಿನ ಸ್ಟೆಬಿಲೈಸರನ್ನು ಜೋಡಿಸಿ ನೋಡಿದೆ. ಹಮ್ ಹೋಯಿತು, ಆದರೆ ಅದರ ರಿಲೇ ಬದಲಾದಾಗಲೆಲ್ಲ ಸ್ಪೀಕರಿನಲ್ಲಿ ‘ಟಪ್’ ಎಂದು ಬಡಿಯುತ್ತಿತ್ತು. ಒಂದು ಆಲಾಪನೆಯ ನಡುವೆ ಮೂರು ಸಲ ಹಾಗಾದ ಮೇಲೆ ತೆಗೆದೆ. 18-0-18ರ ಟ್ರಾನ್ಸ್‌ಫಾರ್ಮರ್ ತರಬಹುದಿತ್ತು. ಆದರೆ ಬೋರ್ಡಿಗೆ 15 ವೋಲ್ಟೇ ಬೇಕೆಂಬ ನಿಯಮವೇನೂ ಇಲ್ಲ. ಎನ್‌ಇ5532 ಧನ ಋಣ 12ರಲ್ಲಿಯೂ ಆರಾಮವಾಗಿ ನಡೆಯುತ್ತದೆ. ನಮ್ಮ ಔಟ್‌ಪುಟ್ ಅರ್ಧ ವೋಲ್ಟಿನ ಆಸುಪಾಸಿನದು. ಹಾಗಾಗಿ 40 ರೂಪಾಯಿಗೆ 7812 ಮತ್ತು 7912 ತಂದು, ಈ ಸಲ 7912ರ ಪಿನ್ನುಗಳ ಕ್ರಮವನ್ನು ಕಾಗದದ ಮೇಲೆ ಬರೆದು ಮುಂದಿಟ್ಟುಕೊಂಡು, ಬದಲಿಸಿದೆ. 181 ವೋಲ್ಟ್ ಬಂದಾಗಲೂ ಇನ್‌ಪುಟ್‌ನಲ್ಲಿ 14 ವೋಲ್ಟ್ ಉಳಿಯುತ್ತದೆ. ಎರಡು ಐಸಿಗಳು ಎಳೆಯುವುದು ಸುಮಾರು 16 ಮಿಲಿಆಂಪ್ ಮಾತ್ರವಾದ್ದರಿಂದ ಎರಡು ವೋಲ್ಟಿನ ಅಂತರ ಸಾಕಾಗುತ್ತದೆ.

23ರ ಸಂಜೆ ಏಳೂಕಾಲಕ್ಕೆ, ನಮ್ಮ ಪಂಪನ್ನೂ ಚಾಲೂ ಇಟ್ಟು, 184 ವೋಲ್ಟಿನಲ್ಲಿ ಪರೀಕ್ಷಿಸಿದೆ. 100 ಹರ್ಟ್ಸಿನ ಗೆರೆ ರೆಕಾರ್ಡಿನ ಮೇಲ್ಮೈ ಸದ್ದಿನೊಳಗೆ ಮುಳುಗಿ ಕಾಣದಂತಾಗಿತ್ತು. ಅಕ್ಕನಿಗೆ ಫೋನ್ ಮಾಡಿ ಸ್ಪೀಕರಿನ ಮುಂದೆ ಹಿಡಿಯಲು ಹೋಗಲಿಲ್ಲ, ಫೋನಿನಲ್ಲಿ 100 ಹರ್ಟ್ಸ್ ಕೇಳಿಸುವುದಿಲ್ಲ. ಮರುದಿನ ಅವಳೇ ಬಂದು ಕೂತು ಒಂದು ಬದಿ ಪೂರ್ತಿ ಕೇಳಿದಳು. ಎರಡು ಹಾಡುಗಳ ನಡುವಿನ ಖಾಲಿ ಜಾಗ ಬಂದಾಗ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ತಲೆಯಾಡಿಸಿದಳು.

ಹಂತ 10, ಮಾರ್ಚ್ 29: ಉಳಿದ ಸಣ್ಣ ಕೆಲಸಗಳು ಮತ್ತು ಖರ್ಚು

ಬಾಗಿದ ಎಲ್‌ಪಿಗಳನ್ನು ಹಾಕಿದಾಗ ಸ್ಪೀಕರಿನ ಕೋನು ಸದ್ದಿಲ್ಲದೆ ಒಳಹೊರಗೆ ಆಡುತ್ತಿತ್ತು. 470 ಓಮಿನ ಜೊತೆಯಲ್ಲಿದ್ದ 220 ಮೈಕ್ರೋಫ್ಯಾರಡನ್ನು 47ಕ್ಕೆ ಇಳಿಸಿದಾಗ ಕೆಳಮಿತಿ 7 ಹರ್ಟ್ಸಿಗೆ ಏರಿ ಆಟ ಕಡಿಮೆಯಾಯಿತು, ನಿಲ್ಲಲಿಲ್ಲ. 20 ಹರ್ಟ್ಸಿನಲ್ಲಿ ಅರ್ಧ ಡೆಸಿಬೆಲ್ ನಷ್ಟ. ನಮ್ಮ ಸ್ಪೀಕರುಗಳಿಗೆ ಅದು ಲೆಕ್ಕಕ್ಕಿಲ್ಲ.

ಒಟ್ಟು ಖರ್ಚು 1,730 ರೂಪಾಯಿ: ಟ್ರಾನ್ಸ್‌ಫಾರ್ಮರ್ 220, ಎರಡು ಪೆಟ್ಟಿಗೆಗಳು 460, ಆರ್‌ಸಿಎ ಸಾಕೆಟುಗಳು 150, ಶೀಲ್ಡ್ ಕೇಬಲ್ 120, ಫಿಲ್ಮ್ ಕೆಪ್ಯಾಸಿಟರುಗಳು 160, ಐಸಿ, ರೆಸಿಸ್ಟರ್, ರೆಗ್ಯುಲೇಟರ್ ಮತ್ತಿತರ ಬಿಡಿಭಾಗಗಳು 620. ಸುಟ್ಟ 7915, ಎಸೆದ ಸೆರಾಮಿಕ್ ಬಿಲ್ಲೆಗಳು, ಈಗ ಡಬ್ಬದಲ್ಲಿ ಕೂತಿರುವ 7815 ಎಲ್ಲವೂ ಇದರಲ್ಲಿ ಸೇರಿವೆ. ಮಂಗಳೂರಿನ ಬಸ್ಸಿನ ಖರ್ಚು ಸೇರಿಲ್ಲ.

ಬಾಕಿ ಇರುವುದು ಎರಡು. ಬಲ ಚಾನಲಿನ ಇನ್‌ಪುಟ್ ಸಾಕೆಟ್ ಸಡಿಲವಾಗಿದೆ, ಅದನ್ನು ಮಳೆಗಾಲದ ತೇವ ಬಂದು ಕಿಲುಬು ಹಿಡಿಯುವ ಮೊದಲು ಬದಲಿಸಬೇಕು. ಪವರ್ ಸಪ್ಲೈಯ ಪ್ಲಗ್ಗನ್ನು ಈಗ ಕಪಾಟಿನ ಹಿಂದಕ್ಕೆ ಕೈ ತೂರಿಸಿ ಕೀಳಬೇಕಾಗಿದೆ. ತುಲಾಮಾಸದ ಗುಡುಗು ಮಿಂಚು ಶುರುವಾಗುವುದರೊಳಗೆ ಅದನ್ನು ಕೈಗೆ ಸುಲಭವಾಗಿ ಸಿಗುವ ಜಾಗಕ್ಕೆ ತರಬೇಕು.